ಮೊದಲೇ ಬರೆದ ಅನುಭವ

ಮನಃಶಾಸ್ತ್ರ ತರಗತಿಯಲ್ಲಿ ನಾವು ನಲವತ್ತು ಜನ. ವಾರಕ್ಕೊಂದು ‘ಅನುಭವ ಬರಹ’ ಒಪ್ಪಿಸಬೇಕು. ಗುರುವಾರ ಹನ್ನೆರಡಕ್ಕೆ ಆಫೀಸಿನ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಅನುಭವ ಆಗುವುದು ಮಧ್ಯಾಹ್ನ ಎರಡಕ್ಕೆ. ಈ ವೇಳಾಪಟ್ಟಿ ಮಾಡಿದ ಪುಣ್ಯಾತ್ಮ ಯಾರೆಂದು ಕೇಳಿದವರಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ಎಲ್ಲರೂ ಪಳಗಿದ್ದೆವು. ಬಣ್ಣದ ಚಿಕಿತ್ಸೆ, ವಾಸನೆಯ ಚಿಕಿತ್ಸೆ, ಕಲ್ಲು ಹಿಡಿದು ಕೂರುವ ಚಿಕಿತ್ಸೆ, ಎಲ್ಲಕ್ಕೂ ಒಂದೇ ಸಾಲು: “ಒಳಗೇನೋ ಕರಗಿದಂತಾಯಿತು.” ಮೇಡಂ ಅದಕ್ಕೆ ಹತ್ತಕ್ಕೆ ಎಂಟು ಕೊಡುತ್ತಿದ್ದರು. ಕರಗಿದ್ದು ನಮ್ಮ ನಾಚಿಕೆ, ಅಷ್ಟೇ.

ಈ ವಾರ ನಾದ ಚಿಕಿತ್ಸೆ. ಕಂಚಿನ ಬಟ್ಟಲು ಬಾರಿಸಿ, ಹೋದ ದನಿಯನ್ನೂ ವಾಪಸ್ ತರಿಸುವ ಗುರುಗಳು ಬರುತ್ತಾರಂತೆ.

“ಮನೇಲಿ ಯಾರಿಗಾದ್ರೂ ತೊಂದ್ರೆ ಇದ್ರೆ ಕರ್ಕೊಂಡು ಬನ್ನಿ,” ಎಂದರು ಮೇಡಂ.

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಎಲ್ಲರಿಗಿಂತ ಮೊದಲು ಹೆಸರು ಬರೆಸಿದವಳೂ ನಾನೇ.

ಅಮ್ಮ ಮೂರನೇ ತರಗತಿಯ ಟೀಚರ್. ಮಗ್ಗಿಗೆ ರಾಗ ಕಟ್ಟಿ ಕಲಿಸುವವಳು. ಎಂಥ ಮೊದ್ದುಮಣಿಯೂ ಏಳರ ಮಗ್ಗಿಯನ್ನು ಹಾಡಿಕೊಂಡೇ ದಾಟುತ್ತಿತ್ತು. ಕತ್ತಿನ ಗಡ್ಡೆ ತೆಗೆಸಿದ ಮೇಲೆ ಅವಳ ದನಿ ಹೋಗಿ ಎಂಟು ತಿಂಗಳಾಯಿತು. ಬರುವ ತಿಂಗಳೊಳಗೆ ದನಿ ಬರದಿದ್ದರೆ ತರಗತಿ ಬಿಡಿಸಿ ಪುಸ್ತಕದ ಉಗ್ರಾಣಕ್ಕೆ ಹಾಕುತ್ತಾರೆ. ಇಷ್ಟೆಲ್ಲ ಓದಿದ ನಾನು ಬಟ್ಟಲಿಗೆ ಕೈಮುಗಿಯುವ ಹಾಗಾಯಿತಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು. ಆದರೂ ಆಸೆ ಹೋಗಲಿಲ್ಲ.

“ಸುಮ್ನೆ ಬಂದು ಕೂತ್ಕೊಮ್ಮ. ಕಳ್ಕೊಳ್ಳೋದೇನಿದೆ?” ಎಂದೆ.

ಅಮ್ಮ ಶಾಲೆಗೆ ಹಾಕುವ ಇಸ್ತ್ರಿ ಬಟ್ಟೆ ಹಾಕಿಕೊಂಡಳು. ಕೆಂಪು ಪೆನ್ನನ್ನೂ ಚೀಲಕ್ಕೆ ಸೇರಿಸಿದಳು. ಅದು ಅವಳ ಹಳೆಯ ಅಭ್ಯಾಸ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಕಾರಿಡಾರಿನ ಕಿಟಕಿಕಟ್ಟೆಯ ಮೇಲೆ ನನ್ನ ಅನುಭವ ಬರೆದು ಪೆಟ್ಟಿಗೆಗೆ ಹಾಕಿದೆ. ಎರಡಕ್ಕೆ ಅಮ್ಮನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ನಾನು ಅವಳ ಹಿಂದೆ ಕೂತೆ. ಅಮ್ಮ ಬೆನ್ನು ನೆಟ್ಟಗೆ ಮಾಡಿ ಬಾಗಿಲನ್ನೇ ನೋಡುತ್ತ ಕೂತಳು. ಎರಡೂವರೆಗೆ ಮೇಡಂ ಒಬ್ಬರೇ ಬಂದರು.

“ಗುರುಗಳಿಗೆ ಗಂಟಲು ಕಟ್ಟಿದೆಯಂತೆ. ಮಾತಾಡ್ಬೇಡಿ ಅಂತ ಡಾಕ್ಟ್ರು ಹೇಳಿದಾರಂತೆ.”

“ಅವರ ಮನೇಲಿ ಬಟ್ಟಲು ಇಲ್ವಾ ಮೇಡಂ?” ಎಂದಿತು ಹಿಂದಿನ ಬೆಂಚು. ಮೇಡಂಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಅವರ ಕಂಕುಳಲ್ಲಿ ನಮ್ಮ ಬರಹಗಳ ಕಟ್ಟು. ನಲವತ್ತಕ್ಕೂ ಆಗಲೇ ಅಂಕ ಬಿದ್ದಿತ್ತು.

“ಅಂಕ ಏನೂ ಬದಲಾಯಿಸಲ್ಲ, ಹೆದರ್ಬೇಡಿ. ಎಲ್ಲರೂ ಮನಸಾರೆ ಬರ್ದಿದೀರಿ.”

ಆಗದ ಅನುಭವಕ್ಕೆ ನಲವತ್ತು ಜನ ಅತ್ತಿದ್ದೆವು, ಅತ್ತದ್ದಕ್ಕೆ ಸರ್ಕಾರಿ ಮೊಹರು ಬೇರೆ. ನಗು ಬಂತು. ಅಷ್ಟರಲ್ಲಿ ಮೇಡಂ ಕಟ್ಟು ಬಿಚ್ಚಿ ಹಂಚಲು ಕೊಟ್ಟರು. ಕಟ್ಟು ಮುಂದಿನ ಬೆಂಚಿನಿಂದಲೇ ಹಿಂದಕ್ಕೆ ಬರುತ್ತದೆ ಎಂಬುದು ನೆನಪಾದಾಗ ಆ ನಗು ಹಾಗೇ ನಿಂತಿತು.

ನನ್ನ ಹಾಳೆ ಅಮ್ಮನ ಕೈಯಲ್ಲಿತ್ತು. ಹತ್ತಕ್ಕೆ ಹತ್ತು.

“ಅಮ್ಮಾ, ಕೊಡಿಲ್ಲಿ. ಅದೇನಿಲ್ಲ,” ಎಂದೆ.

ಕೊಡಲಿಲ್ಲ. ಕೆಂಪು ಪೆನ್ನು ತೆಗೆದಳು. ಮೊದಲ ಸಾಲಿನಲ್ಲಿ ಒಂದು ಒತ್ತಕ್ಷರ ತಿದ್ದಿದಳು, ಮೂರನೆಯದರಲ್ಲಿ ಒಂದು ಕೊಂಬು. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು: “ಅಷ್ಟರಲ್ಲಿ ನನ್ನ ಅಮ್ಮ ಬಾಯಿ ತೆರೆದು ಏಳರ ಮಗ್ಗಿ ಹಾಡಿದಳು.”

ಅದನ್ನು ಎರಡು ಸಲ ಓದಿದಳು. ಹೊಡೆದುಹಾಕಲಿಲ್ಲ. ಪಕ್ಕದಲ್ಲಿ, ಮಕ್ಕಳಿಗೆ ಬರೆಯುವ ಅದೇ ದುಂಡು ಅಕ್ಷರದಲ್ಲಿ, “ಯಾವಾಗ?” ಎಂದು ಬರೆದು, ನಾನು ಉತ್ತರ ಹೇಳಲೆಂದು ನನ್ನ ಮುಖ ನೋಡುತ್ತ ಕೂತಳು.