ಪ್ಲಮ್ ಪೊದೆಯ ಬಳಿ ನಿಂತ ಗಾಲಿ

ಜೇಬೆಜ್ ಪ್ರೂಯಿಟ್ ಸುಳ್ಳು ಹೇಳಿದ್ದನ್ನು ನೆಬ್ರಾಸ್ಕಾದ ಬಯಲಿನಲ್ಲಿ ಯಾರೂ ಕೇಳಿರಲಿಲ್ಲ. ನಿಜದ ವಿಷಯದಲ್ಲಿ ಅವನಿಗಿದ್ದ ಹಟ ಹೆಂಡತಿ ಥರ್ಜಾಳಿಗೆ ಒಮ್ಮೊಮ್ಮೆ ತಲೆನೋವಾಗುತ್ತಿತ್ತು. ಅವನನ್ನು ಅವಳು ಮೆಚ್ಚಿ ಮದುವೆಯಾದದ್ದೂ ಅದೇ ಹಟಕ್ಕೆ.

ಮನೆಯ ನೆಲದ ಮೇಲಿನ ಇದ್ದಿಲ ಗೆರೆಯನ್ನೇ ನೋಡಿ. ಸರ್ಕಾರ ಒಬ್ಬೊಬ್ಬರಿಗೆ ನೂರ ಅರವತ್ತು ಎಕರೆ ಕೊಡುತ್ತಿತ್ತು. ಐದು ವರ್ಷ ಆ ನೆಲದ ಮೇಲೇ ವಾಸವಿದ್ದು, ಉತ್ತು ಬೆಳೆದು, ಹಾಗೆಂದು ಪ್ರಮಾಣ ಮಾಡಿದರೆ ಪಟ್ಟಾ ಕೈಗೆ ಬರುತ್ತಿತ್ತು. ಜೇಬೆಜ್ ಒಂದು ತುಂಡು ಹಿಡಿದಿದ್ದ, ಮದುವೆಯಾಗದ ಮಗಳು ಲವೈನಾ ಅದರ ಪಕ್ಕದ್ದು. ಎರಡು ಮನೆ ಕಟ್ಟುವ ತ್ರಾಣ ಇರಲಿಲ್ಲ. ಆ ಸೀಮೆಯ ಹಲವರು ಮಾಡುವ ಹಾಗೆ ಇವರೂ ಗಡಿಯ ಮೇಲೇ, ಬೇರು ಸಮೇತ ಕೊಯ್ದ ಹುಲ್ಲುಹೆಂಟೆಗಳನ್ನು ಪೇರಿಸಿ ಒಂದೇ ಮನೆ ಕಟ್ಟಿಕೊಂಡರು. ಗಡಿ ತೋರಿಸುವ ಆ ಗೆರೆಯ ಪಡುವಲಿಗೆ ಅಪ್ಪ ಅಮ್ಮನ ಮಂಚ, ಮೂಡಲಿಗೆ ಮಗಳದು, ಗೆರೆಯ ಮೇಲೆ ಒಲೆ. ಶನಿವಾರ ಬಂತೆಂದರೆ ಜೇಬೆಜ್ ಮಂಡಿಯೂರಿ ಗೆರೆ ತಿದ್ದುತ್ತಿದ್ದ. ಒಮ್ಮೆ ಚಳಿ ತಡೆಯಲಾರದೆ ಲವೈನಾ ಮಂಚವನ್ನು ಒಲೆಯ ಹತ್ತಿರ ಎಳೆದುಕೊಂಡಾಗ, ಮಂಚದ ಒಂದು ಕಾಲು ಗೆರೆ ದಾಟಿದೆಯೆಂದು ಅವಳನ್ನು ನಿದ್ದೆಯಿಂದ ಎಬ್ಬಿಸಿದ್ದ. ಅವಳು ಅದನ್ನು ನೆರೆಯವರ ಮುಂದೆ ಅಪ್ಪನ ದನಿಯಲ್ಲೇ ಆಡಿ ತೋರಿಸಿ ನಗಿಸುತ್ತಿದ್ದಳು.

ಐದು ವರ್ಷ ತುಂಬಿತು. ಸೋಮವಾರ ಪೇಟೆಯ ಕಚೇರಿಯಲ್ಲಿ ಅಪ್ಪ ಮಗಳಿಬ್ಬರೂ ಪ್ರಮಾಣ ಮಾಡಬೇಕಿತ್ತು. ಅದರ ಹಿಂದಿನ ಶನಿವಾರ ಜೇಬೆಜ್ ಎಂದಿನಂತೆ ಇದ್ದಿಲು ಹಿಡಿದು ಬಗ್ಗಿದ. ಥರ್ಜಾ ಜೋಳದ ರೊಟ್ಟಿಯ ಬಾಣಲೆಯನ್ನು ಕೆಳಗಿಟ್ಟಳು.

"ಅದನ್ನ ಬಿಡಿ. ಆ ಗೆರೆ ಸುಳ್ಳು," ಎಂದಳು.

ಗಡಿ ಅಳೆದದ್ದು ಅವಳೇ. ಸರ್ಕಾರದ ಕಲ್ಲು ಇದ್ದದ್ದು ಲವೈನಾಳ ಜಮೀನಿನ ಮೂಡಣ ಮೂಲೆಯಲ್ಲಿ ಮಾತ್ರ, ಇಬ್ಬರ ನಡುವಿನ ಗಡಿ ಅಲ್ಲಿಂದ ಪಡುವಲಿಗೆ ಅರ್ಧ ಮೈಲಿ. ಅಳತೆಯ ಸರಪಳಿ ಯಾರ ಬಳಿಯೂ ಇರಲಿಲ್ಲ. ಬಂಡಿಯ ಗಾಲಿಗೆ ಬಟ್ಟೆಯ ಚೂರು ಕಟ್ಟಿ, ಅದು ಎಷ್ಟು ಸಲ ಮೇಲೆ ಬಂತೆಂದು ಎಣಿಸುವುದೇ ಎಲ್ಲರ ಪದ್ಧತಿ. ಇನ್ನೂರು ಸುತ್ತಿಗೆ ಅರ್ಧ ಮೈಲಿ. ಜೇಬೆಜ್ ಎತ್ತು ಹೊಡೆಯುತ್ತಿದ್ದ, ಥರ್ಜಾ ಗಾಲಿಯ ಪಕ್ಕ ಎಣಿಸುತ್ತ ನಡೆದಿದ್ದಳು.

"ನೂರ ಎಂಬತ್ತಕ್ಕೆ ಆ ಪ್ಲಮ್ ಪೊದೆ ಸಿಕ್ತು. ಮೈ ತುಂಬ ಹೂ ಬಿಟ್ಟಿತ್ತು. ಆರು ದಿನದಿಂದ ಬರೀ ಹುಲ್ಲು ನೋಡಿ ನೋಡಿ ಹುಚ್ಚು ಹಿಡಿಯೋ ಹಾಗಾಗಿತ್ತು ನಂಗೆ. ಮನೆ ಅದರ ಪಕ್ಕಾನೇ ಆಗ್ಲಿ ಅಂತ ಇನ್ನೂರು ಆಯ್ತು ಅಂದ್ಬಿಟ್ಟೆ."

ಜೇಬೆಜ್ ಇದ್ದಿಲನ್ನು ಕೆಳಗಿಟ್ಟ.

"ಸೋಮವಾರ ಬೈಬಲ್ ಮೇಲೆ ಕೈ ಇಟ್ಟು, ನನ್ನ ನೆಲದಲ್ಲೇ ಮಲಗಿದ್ದೆ ಅಂತೀರಿ. ನನ್ನಿಂದ ನಿಮ್ಮ ಬಾಯಲ್ಲಿ ಸುಳ್ಳು ಬರಬಾರದು," ಎಂದು ಅವಳು ಬರಿಗೈಯಿಂದಲೇ ಕಣ್ಣೊರೆಸಿಕೊಂಡಳು.

ಅವನು ಎದ್ದು ಹೋಗಿ ಎತ್ತು ಹೂಡಿದ. ಲವೈನಾಳಿಗೆ ಹಗ್ಗ ಕೊಟ್ಟು ತಾನೇ ಎಣಿಸಿದ. ನೂರ ಎಂಬತ್ತಕ್ಕೆ ಪೊದೆ ಬಂತು, ಮನೆ ಬಂತು. ಇನ್ನೂರಕ್ಕೆ ಬರೀ ಹುಲ್ಲು. ಇಡೀ ಮನೆ ಮಗಳ ಜಮೀನಿನಲ್ಲಿತ್ತು. ತನ್ನ ನೆಲದ ಮೇಲೆ ಅವನು ಐದು ವರ್ಷದಲ್ಲಿ ಒಂದು ದಿನವೂ ಮಲಗಿರಲಿಲ್ಲ.

"ಹೋಗ್ಲಿ ಬಿಡಪ್ಪ. ಗೊತ್ತಿರೋದು ನಮ್ಮ ಮೂರೇ ಜನಕ್ಕೆ," ಎಂದಳು ಲವೈನಾ.

"ನಾಲ್ಕು. ಮೇಲಿರೋನನ್ನ ಲೆಕ್ಕಕ್ಕೆ ಹಿಡೀಲಿಲ್ಲ ನೀನು. ನಿಮ್ಮಮ್ಮನ ಮಗಳೇ ಸರಿ."

ಲವೈನಾಳಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಆ ಚಳೀಲಿ ನನ್ನ ನೆಲದಲ್ಲೇ ನನ್ನ ನಿದ್ದೆ ಕೆಡಿಸಿದ್ಯಲ್ಲಪ್ಪ. ಬಿಡಾರ ಹೂಡಿದ್ದೋನು ನೀನು!"

ಸೋಮವಾರ ಮಗಳು ಪ್ರಮಾಣ ಮಾಡಿದಳು. ಜೇಬೆಜ್ ಗುಮಾಸ್ತನ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನ ಐದು ವರ್ಷ ಮೊದಲಿಂದ ಶುರುವಾಯಿತು, ಆಗ ಅವನಿಗೆ ಐವತ್ತೆಂಟು. ತಪ್ಪು ಎಣಿಸಿದ್ದು ಯಾರು ಎಂದು ಗುಮಾಸ್ತ ಕೇಳಿದ್ದಕ್ಕೆ ಮಾತ್ರ, ಅದು ಕಚೇರಿಗೆ ಸಂಬಂಧಪಟ್ಟದ್ದಲ್ಲ ಎಂದನಂತೆ.

ಮಂಗಳವಾರ ಬೆಳಿಗ್ಗೆ ಥರ್ಜಾ ಎದ್ದಾಗ ಗಂಡನೂ ಇರಲಿಲ್ಲ, ಗುದ್ದಲಿಯೂ ಇರಲಿಲ್ಲ. ಹೊರಗೆ ಬಂದು ನೋಡಿದರೆ ಪೊದೆಯ ಅರ್ಧ ಭಾಗವೇ ಕಾಣೆ, ಅಲ್ಲಿ ಹಸಿ ಗುಂಡಿ. ಕೋಪದಲ್ಲಿ ಕಿತ್ತೆಸೆದನೆಂದುಕೊಂಡಳು. ಬರಿಗಾಲಲ್ಲೇ ಪಡುವಲಿಗೆ ಓಡಿದಳು.

ಗಾಲಿಯ ಇಪ್ಪತ್ತು ಸುತ್ತಿನಾಚೆ ಜೇಬೆಜ್ ಮಂಡಿಯೂರಿ ಕೂತು, ನೆಟ್ಟ ಗಿಡದ ಬುಡಕ್ಕೆ ಮಣ್ಣು ಒತ್ತುತ್ತಿದ್ದ. ತನ್ನ ನೆಲದಲ್ಲಿ ಕಟ್ಟಬೇಕಿದ್ದ ಹೊಸ ಮನೆಗೆ ಇನ್ನೂ ಒಂದು ಹೆಂಟೆಯನ್ನೂ ಕೊಯ್ದಿರಲಿಲ್ಲ.

"ಗಿಡ ಬೇಕು ಅಂತ ಒಂದು ಮಾತು ಅಂದಿದ್ರೆ ಅವತ್ತೇ ಕಿತ್ತು ತಂದು ನೆಡ್ತಿದ್ನಲ್ಲೇ," ಎಂದ. ಆಮೇಲೆ ಕೈಯ ಮಣ್ಣು ಒರೆಸಿಕೊಳ್ಳುತ್ತ ಕೇಳಿದ, "ಕಿಟಕಿ ಯಾವ ಕಡೆ ಇಟ್ರೆ ನಿಂಗೆ ಇದು ಕಾಣತ್ತೆ, ಹೇಳು."