ಕಪ್ ಎತ್ತಿದವನ ಎತ್ತರ

ಬಟ್ಟೆ ಒಣಹಾಕುವ ಕ್ಲಿಪ್ಪಿಗೂ ಫುಟ್‌ಬಾಲಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಬಹುದು. ಆ ಊರಿನಲ್ಲಿ ಸಂಬಂಧ ಇತ್ತು. ಊರಿನ ತಗ್ಗಿನಲ್ಲಿ ಮೂಳೆ ಬೇಯಿಸಿ ಅಂಟು ತೆಗೆಯುವ ಕಾರ್ಖಾನೆ, ಅದರ ಸುತ್ತ ನಾಲ್ಕಾರು ಬೀದಿ, ಆ ಬೀದಿಗಳಿಗೆಲ್ಲ ಸೇರಿ ಒಂದು ತಂಡ. ತಂಡಕ್ಕೆ ಒಂದು ಒಳ್ಳೆಯ ಹೆಸರೇ ಇಟ್ಟಿದ್ದರು, ಆದರೆ ಎಲ್ಲರ ಬಾಯಲ್ಲೂ ಅದು ‘ಅಂಟಿನವರು’. ಎತ್ತರದಲ್ಲಿ, ಗಾಳಿ ಬೆಳಕು ಚೆನ್ನಾಗಿರುವ ಕಡೆ ಇದ್ದವರದ್ದು ‘ಗುಡ್ಡದವರು’. ಅಂಟಿನವರ ಎದುರು ಆಟ ಇದ್ದ ದಿನ ಗುಡ್ಡದ ಕಡೆಯ ಜನ ಮೂಗಿಗೆ ಕ್ಲಿಪ್ ಸಿಕ್ಕಿಸಿಕೊಂಡು ಬಂದು ಕೂರುತ್ತಿದ್ದರು. ಅದೊಂದು ತಮಾಷೆ. ಅಪ್ಪಂದಿರಿಂದ ಮಕ್ಕಳಿಗೆ ಬಂದ ತಮಾಷೆ.

ಅಂಟಿನವರು ಫೈನಲ್‌ಗೆ ಬಂದದ್ದು ಆ ವರ್ಷವೇ ಮೊದಲು. ಎದುರಾಳಿ ಗುಡ್ಡದವರೇ. ವಾರಕ್ಕೆ ಮುಂಚೆಯೇ ಅಂಗಡಿಗಳಲ್ಲಿ ಗುಡ್ಡದವರ ಕೆಂಪು ಬಿಳಿ ಬಣ್ಣ ಬಳಿದ ಕ್ಲಿಪ್ಪುಗಳು ಗೊಂಚಲು ಗೊಂಚಲಾಗಿ ನೇತಾಡತೊಡಗಿದವು.

ನಮ್ಮ ಕತೆಯ ಡ್ರೈವರ್ ಅದೆಲ್ಲ ನೋಡಿಕೊಂಡೇ ಬಸ್ ಓಡಿಸುತ್ತಿದ್ದ. ಅವನು ಅಂಟಿನ ಬೀದಿಯಲ್ಲೇ ಹುಟ್ಟಿ ಬೆಳೆದವನು, ಮದುವೆ ಮಾಡಿಕೊಳ್ಳದೆ ಅಣ್ಣ ಅತ್ತಿಗೆಯ ಜೊತೆ ಉಳಿದವನು. ಕಾರ್ಖಾನೆ ಸ್ಟಾಪ್ ಬಂದರೆ ಸಾಕು, ಬಸ್ಸಿನ ಹಿಂದಿನ ಸೀಟಿನಿಂದ ಒಂದು ದನಿ ಏಳುತ್ತಿತ್ತು: “ಡ್ರೈವರಣ್ಣಾ, ಕಿಟಕಿ ಹಾಕ್ಸಣ್ಣಾ, ಚಾಂಪಿಯನ್ನರ ಊರು ಬಂತು!” ಬಸ್ಸಿಗೆ ಬಸ್ಸೇ ನಗುತ್ತಿತ್ತು. ಇವನು ಗೇರ್ ಬದಲಿಸುತ್ತಿದ್ದ. ಮೂಗು ಮುರಿಯುವವರ ಎದುರು ಮುಖ ಗಂಟು ಹಾಕಿಕೊಂಡರೆ ಅವರಿಗೆ ಇನ್ನಷ್ಟು ಖುಷಿ ಅಂತ ಅವನಿಗೆ ಗೊತ್ತಿತ್ತು.

ಮನೆಯಲ್ಲಿ ಅಣ್ಣ ಮಲಗಿದ್ದ. ಒಂದು ಕಾಲದಲ್ಲಿ ಅಂಟಿನವರ ಗೋಲ್ ಕೀಪರ್. ಚೆಂಡು ಕೈಗೆ ಬಂದರೆ ಬಿಡುತ್ತಿರಲಿಲ್ಲ ಅಂತ ಅವನಿಗೆ ಜನ ‘ಅಂಟುಗೈ’ ಅಂತ ಹೆಸರಿಟ್ಟಿದ್ದರು. ಅವನ ಕಾಲದಲ್ಲಿ ತಂಡ ಸೆಮಿಫೈನಲ್ ಬಾಗಿಲವರೆಗೆ ಹೋಗಿ ಹೋಗಿ ವಾಪಸ್ ಬಂತೇ ಹೊರತು ಒಳಗೆ ಕಾಲಿಡಲಿಲ್ಲ. ಆಮೇಲೆ ಬಾಯ್ಲರ್ ಕೆಲಸ, ಆಮೇಲೆ ಒಂದು ಬೆಳಿಗ್ಗೆ ಲಕ್ವ. ಈಗ ಎಡಗೈ ಎಡಗಾಲು ಇದ್ದೂ ಇಲ್ಲದ ಹಾಗೆ, ಮಾತು ತೊದಲು. ಮಹಡಿಯ ಕೋಣೆಯಿಂದ ಕೆಳಗಿಳಿಸೋಣ ಎಂದರೆ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಎತ್ತಿಕೊಂಡು ತಿರುಗುವಂತಿಲ್ಲ. ಮಂಚ ಕಿಟಕಿಗೆ ತಾಗಿಸಿ ಹಾಕಿದ್ದರು. ಕಿಟಕಿಯಿಂದ ಅವನಿಗೆ ಕಾಣುತ್ತಿದ್ದದ್ದು ಬೀದಿ, ಆಚೆ ಕಾರ್ಖಾನೆಯ ಚಿಮಣಿ, ನಡುವೆ ಬೀದಿಗೆ ಅಡ್ಡಲಾಗಿ ಜೋತುಬಿದ್ದ ಒಂದು ವೈರು. ಮಲಗಿದವನ ಕಣ್ಣಿಗೆ ಆ ವೈರು ಚಿಮಣಿಯ ಕುತ್ತಿಗೆಗೆ ಹಗ್ಗ ಕಟ್ಟಿದ ಹಾಗೆ ಕಾಣುತ್ತಿತ್ತು.

“ಗೆದ್ರೆ,” ಎಂದ ಅಣ್ಣ, ಸೆಮಿಫೈನಲ್ ಗೆದ್ದ ಸಂಜೆ. “ಗೆದ್ರೆ ಬಸ್ಸು... ಈ ಬೀದಿಗೆ ಬರುತ್ತಾ?”

ಗೆದ್ದ ತಂಡವನ್ನು ಮೆರವಣಿಗೆ ಮಾಡಲು ಡಿಪೋದಲ್ಲಿ ಸೂರಿಲ್ಲದ ಒಂದು ಮಹಡಿ ಬಸ್ಸಿತ್ತು. ಆಟಗಾರರು ಮೇಲೆ ನಿಂತು ಕಪ್ ಎತ್ತಿ ತೋರಿಸುತ್ತಾ ಊರು ಸುತ್ತುವುದು ವಾಡಿಕೆ.

“ಬರ್ದೆ ಏನಣ್ಣ? ಮೇಲಿನ ಕಂಬಿ ಸರಿಯಾಗಿ ನಿನ್ ಕಿಟಕಿ ಎತ್ತರಕ್ಕೆ ಬರುತ್ತೆ. ಹುಡುಗ್ರಿಗೆ ಹೇಳ್ತೀನಿ, ಇಲ್ಲಿ ನಿಲ್ಸಿ ಕಪ್ ನಿನ್ ಕೈಗೆ ಕೊಡ್ತಾರೆ.”

ಅಣ್ಣ ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ನೋಡಿದ. ಬೆರಳುಗಳನ್ನು ಅಗಲಿಸಿ, ಮುಚ್ಚಿದ.

“ಒಂದೇ ಕೈಯಲ್ಲಿ ಹಿಡಿದ್ರೆ ಬೀಳಿಸ್ತೀರಿ,” ಎಂದಳು ಅತ್ತಿಗೆ, ತಟ್ಟೆ ತೆಗೆಯುತ್ತಾ. “ಮೊದ್ಲು ಗಂಜಿ ಲೋಟ ಸರಿಯಾಗಿ ಹಿಡ್ಕೊಳ್ಳೋದು ಕಲೀರಿ, ಆಮೇಲೆ ಕಪ್ಪು.”

“ನಾನು... ಬೀಳ್ಸಿದ್ದು... ಯಾವತ್ತೇ?”

“ನನ್ನನ್ನ ಹಿಡ್ಕೊಂಡಿದ್ದೊಂದು ಬಿಟ್ಟಿಲ್ಲ, ಅದು ನಿಜ,” ಎಂದು ಅವಳು ಸೆರಗಿನಿಂದ ಅವನ ಗಲ್ಲ ಒರೆಸಿದಳು. ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ಮೂವರೂ ನಕ್ಕರು.

ಡಿಪೋ ಮ್ಯಾನೇಜರ್ ಅವನನ್ನು ಕರೆಸಿದ್ದು ಫೈನಲ್‌ಗೆ ಇನ್ನು ಕೆಲವೇ ದಿನ ಇದ್ದಾಗ. ಒಳ್ಳೆಯ ಮನುಷ್ಯ, ಯಾರಿಗೂ ಕೆಡುಕು ಬಯಸಿದವರಲ್ಲ.

“ಯಾರು ಗೆದ್ರೂ ಬಸ್ ಓಡ್ಸೋನು ನೀನೇ ಕಣಯ್ಯಾ. ಆ ಬಸ್ ಇನ್ಯಾರ ಕೈಗೂ ಕೊಡಲ್ಲ ನಾನು. ನಾಳೆ ವೈರ್‌ಮನ್ ಬರ್ತಾನೆ, ದಾರಿ ಅಳ್ಕೊಂಡು ಬಂದ್ಬಿಡಿ.” ಗೋಡೆಯ ನಕ್ಷೆಯ ಮೇಲೆ ಅವರ ಬೆರಳು ಮೈದಾನದಿಂದ ಹೊರಟಿತು, ಮಾರುಕಟ್ಟೆ ದಾಟಿತು, ಸೇತುವೆ ದಾಟಿತು, ಸುತ್ತಿಕೊಂಡು ಗುಡ್ಡ ಹತ್ತಿ ನಿಂತಿತು.

ಅಳೆಯದ ಬೀದಿಗೆ ಆ ಬಸ್ ಹೋಗುವಂತಿರಲಿಲ್ಲ. ಮೇಲೆ ನಿಂತವರ ಕತ್ತಿಗೆ ವೈರು ಸಿಕ್ಕಿಕೊಂಡರೆ ಗತಿಯೇನು?

“ಸಾರ್, ಇದು ಗುಡ್ಡದೋರು ಗೆದ್ರೆ ಹೋಗೋ ದಾರಿ.”

“ಹ್ಞೂಂ.”

“ನಮ್ಮೋರು ಗೆದ್ರೆ?”

ಮ್ಯಾನೇಜರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್ಕೂ ಸೇರಿಕೊಂಡ: “ನಿಮ್ಮೋರ್ ಗೆದ್ರೆ ಕಾರ್ಖಾನೆ ಕೈಗಾಡಿ ಸಾಕು ಬಿಡಣ್ಣಾ. ಮೂಳೆ ತರೋದು ಇದ್ಯಲ್ಲ, ಅದೇ!”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ನಕ್ಕದ್ದು ಮಗು ಚಂದ್ರನನ್ನು ಬೇಕು ಅಂದಾಗ ನಗುತ್ತಾರಲ್ಲ, ಹಾಗೆ. ಪ್ರೀತಿಯಿಂದಲೇ. ಡ್ರೈವರ್ ಹೊರಗೆ ಬಂದ. ಮನೆಯಲ್ಲಿ ಈ ವಿಷಯ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಕಿಟಕಿಯಿಂದ ಕೈ ಚಾಚಿ ಅಭ್ಯಾಸ ಮಾಡುತ್ತಿದ್ದವನಿಗೆ, ನಿನ್ನ ಬೀದಿ ನಕ್ಷೆಯಲ್ಲೇ ಇಲ್ಲ ಅನ್ನುವುದೇ?

ಮಾರನೆಯ ದಿನ ವೈರ್‌ಮನ್ ಒಂದು ಬಿದಿರುಗಳ ಹಿಡಿದುಕೊಂಡು ಬಂದ. ಗಳಕ್ಕೆ ಒಂದು ಕಡೆ ಸುಣ್ಣದ ಗುರುತು.

“ಇದೇನು ಗುರುತು?”

“ಕಪ್ ಎತ್ತಿ ಹಿಡಿದೋನ ಎತ್ತರ. ಇದಕ್ಕೆ ತಾಗೋ ವೈರನ್ನೆಲ್ಲ ಮೇಲೆ ಕಟ್ಟೋದು, ತಾಗೋ ಕೊಂಬೆನೆಲ್ಲ ಕಡಿಯೋದು,” ಎಂದ ವೈರ್‌ಮನ್. ಗುಡ್ಡದ ಕಡೆಯವನು, ಬಾಯಿ ಬಡುಕ. ಹೊರಡುವ ಮುಂಚೆ ಕತ್ತಿಗೆ ದಾರದಲ್ಲಿ ಕಟ್ಟಿಕೊಂಡಿದ್ದ ಕ್ಲಿಪ್ ಅಂಗಿಯೊಳಗಿಂದ ತೆಗೆದು ಮೂಗಿಗೆ ಹಾಕಿಕೊಂಡು ತೋರಿಸಿ, “ತಪ್ಪು ತಿಳ್ಕೋಬೇಡಪ್ಪಾ, ಮನೆಯವಳು ಕೊಟ್ಟಿದ್ದು,” ಎಂದು ಹಲ್ಲು ಗಿಂಜಿದ.

ಅವರು ಅಳೆಯುತ್ತಾ ಹೋದರು. ಡ್ರೈವರ್ ಆಮೆಯ ಹಾಗೆ ಓಡಿಸುವುದು, ಮೇಲಿನಿಂದ ವೈರ್‌ಮನ್ ಕಾಲು ಕುಟ್ಟಿದರೆ ನಿಲ್ಲಿಸುವುದು. ಗುಡ್ಡದ ಬೀದಿಗಳಲ್ಲಿ ಜನ ಬಾಲ್ಕನಿಗೆ ಬಂದು ಆಗಲೇ ಗೆದ್ದವರ ಹಾಗೆ ಕೈ ಬೀಸಿದರು. ಒಬ್ಬ ಅಜ್ಜಿ ಹೂವನ್ನೂ ಎಸೆದಳು. ಖಾಲಿ ಬಸ್ಸಿಗೆ! ಅಲ್ಲಿನ ಅಭಿಮಾನಿಗಳು ಬಸ್ ನಿಲ್ಲಿಸಿ ಮೇಲಿನ ಕಂಬಿಗೆ ಕೆಂಪು ಬಿಳಿ ಬಟ್ಟೆ ಸುತ್ತಿದರು. ಒಳಗೆ ಸ್ಟೇರಿಂಗ್ ಹಿಡಿದು ಕೂತವನಿಗೆ ತನ್ನ ಬಸ್ಸಿನ ಹೊರಮೈ ಕಾಣುವುದಿಲ್ಲ. ಹಿಂದೆ ಮುಂದೆ ಏನೋ ಗಲಾಟೆ ಅಂದುಕೊಂಡ, ಅಷ್ಟೆ.

ಕೆಲಸ ಮುಗಿದಾಗ ಇನ್ನೂ ಬೆಳಕಿತ್ತು. ಸೇತುವೆಯ ಹತ್ತಿರ ಅವನು ಬಸ್ ನಿಲ್ಲಿಸಿ, ಕೂತಲ್ಲಿಂದಲೇ ಕೂಗಿ ವೈರ್‌ಮನ್‌ನನ್ನು ಕೆಳಗೆ ಕರೆದ.

“ಇನ್ನೊಂದು ಬೀದಿ ಇದೆ.”

“ಎಲ್ಲಿ? ಮುಗೀತಲ್ಲ.”

“ಕೆಳಗೆ. ನಮ್ಮ ಬೀದಿ.”

ವೈರ್‌ಮನ್ ಅವನ ಮುಖ ನೋಡಿದ. ಏನೋ ತಮಾಷೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡ. “ಯಾರ್ ಹೇಳಿದ್ರು?”

“ಯಾರೂ ಹೇಳಿಲ್ಲ. ನಮ್ಮಣ್ಣ ಮಲಗಿದಾನೆ ಅಲ್ಲಿ. ನಮ್ಮೋರು ಗೆದ್ರೆ, ಬೀದಿ ಅಳೆದಿಲ್ಲ, ಬಸ್ ಹೋಗಲ್ಲ ಅಂತ ಯಾರೂ ಹೇಳ್ಬಾರ್ದು. ಅಷ್ಟೇ.”

“ನೀನೂ ಸರಿ ನಿನ್ ತಂಡಾನೂ ಸರಿ,” ಎಂದು ಗೊಣಗಿದ ವೈರ್‌ಮನ್. ಆದರೆ ಮತ್ತೆ ಮೇಲೆ ಹತ್ತಿ ಗಳ ಎತ್ತಿಕೊಂಡ.

ಬಸ್ಸು ಅಂಟಿನ ಬೀದಿಗೆ ತಿರುಗಿದಾಗ ಕಾರ್ಖಾನೆ ಬಿಟ್ಟ ಹೊತ್ತು. ಜನ ಬೀದಿ ತುಂಬ. ಡ್ರೈವರಿಗೆ ಒಳಗೊಳಗೇ ಹಿಗ್ಗು. ಮನೆಯ ಮುಂದೆ ಮೇಲಿನಿಂದ ಕಾಲು ಕುಟ್ಟಿದ ಸದ್ದು. ವೈರು ಗಳಕ್ಕೆ ತಾಗಿತ್ತು. ನಿಲ್ಲಿಸಿದ. ವೈರ್‌ಮನ್ ಕೈಗವಸು ಹಾಕಿಕೊಂಡು, ಕಂಬಿ ಹತ್ತಿ ನಿಂತು, ಕಂಬದ ಕೆಳಗಿನ ಕೊಕ್ಕೆಯಿಂದ ವೈರು ಬಿಡಿಸಿ ಮೇಲಿನ ಕೊಕ್ಕೆಗೆ ಸಿಕ್ಕಿಸಿದ. ಆಮೇಲೆ ಗಳ ಹಿಡಿದು ನೋಡಿ, “ಹೋಯ್ತು! ಸಲೀಸು!” ಎಂದು ಕೂಗಿದ.

ಆ ಕೂಗನ್ನು ಕೇಳಿದವರು ಯಾರು? ಬೀದಿಯವರಿಗೆ ಕಂಡದ್ದು ಇಷ್ಟೇ: ಕೆಂಪು ಬಿಳಿ ಬಟ್ಟೆ ಸುತ್ತಿಕೊಂಡ ಗುಡ್ಡದವರ ಮೆರವಣಿಗೆ ಬಸ್ಸು, ಆಟಕ್ಕೆ ಮುಂಚೆಯೇ, ತಮ್ಮ ಬಾಗಿಲಿಗೇ ಬಂದು ನಿಂತಿದೆ, ಮೇಲೊಬ್ಬ ಕುಣಿಯುತ್ತಾ ಕೂಗುತ್ತಿದ್ದಾನೆ, ಕತ್ತಿನಲ್ಲಿ ದಾರ ಕಟ್ಟಿದ ಕ್ಲಿಪ್ ನೇತಾಡುತ್ತಿದೆ. ವಾರವೆಲ್ಲ ನುಂಗಿಕೊಂಡದ್ದು ಒಮ್ಮೆಗೇ ಹೊರಗೆ ಬಂತು.

“ಮನೆ ಬಾಗ್ಲಿಗೇ ಬಂದ್ರಲ್ರೋ ಹಂಗ್ಸೋಕೆ!”

ಮೊದಲು ಚಪ್ಪಲಿ. ಆಮೇಲೆ ಬಕೆಟ್ಟು ಬಕೆಟ್ಟು ಕಾರ್ಖಾನೆಯ ಅಂಟು ನೀರು. ಮುಂದಿನ ಗಾಜಿನ ಮೇಲೆ ಅದು ಇಳಿದಾಗ ಡ್ರೈವರಿಗೆ ಬೀದಿಯೇ ಕಾಣದಾಯಿತು. ಬಾಗಿಲು ತೆಗೆದು ತಲೆ ಹೊರಗೆ ಹಾಕಿ, “ನಾನ್ರೋ! ನಾನು!” ಎಂದು ಕೂಗಿದ. ಅದೇ ತಪ್ಪಾಯಿತು. ಎತ್ತಿದ ಬಕೆಟ್ಟುಗಳು ಕೆಳಗಿಳಿದವು. ದಿನಸಿ ಅಂಗಡಿಯವನು, ಚಡ್ಡಿ ಹಾಕುವ ಕಾಲದಿಂದ ಜೊತೆಗಿದ್ದವನು, ಹತ್ತಿರ ಬಂದು ಅವನ ಮುಖ ನೋಡಿ, ಪಕ್ಕಕ್ಕೆ ಉಗಿದ.

ಡ್ರೈವರ್ ತಲೆಯೆತ್ತಿದ. ಕಿಟಕಿಯಲ್ಲಿ ಅಣ್ಣನ ಮುಖ ಇತ್ತು. ಕಂಬಿಗೆ ಸುತ್ತಿದ ಬಟ್ಟೆ ಅವನ ಕೈಗೆ ಸಿಗುವಷ್ಟು ಹತ್ತಿರ. ಅಣ್ಣ ಬಟ್ಟೆಯನ್ನು ನೋಡಿದ, ತಮ್ಮನನ್ನು ನೋಡಿದ. ಆಮೇಲೆ ಕಷ್ಟಪಟ್ಟು ಗೋಡೆಯ ಕಡೆಗೆ ಹೊರಳಿದ.

ಡಿಪೋಗೆ ವಾಪಸ್ ಹೋಗುವಾಗ ವೈರ್‌ಮನ್ ಕೂದಲಿನಿಂದ ಅಂಟು ತೆಗೆಯುತ್ತಾ ಕೂತಿದ್ದ. ಇಳಿಯುವಾಗ, “ವೈರು ಮಾತ್ರ ಸರಿಯಾಗಿ ಕೂತಿದೆ ಕಣಪ್ಪಾ,” ಎಂದ.

ಮನೆಯಲ್ಲಿ ಅತ್ತಿಗೆ ತಟ್ಟೆ ಕುಕ್ಕಿದಳು. “ಬಂದ್ರಾ ಡ್ರೈವರ್ ಸಾಹೇಬ್ರು?”

“ಅತ್ತಿಗೆ, ಬೀದಿ ಅಳೆಯೋಕೆ ಬಂದಿದ್ದೆ. ನಮ್ಮೋರು ಗೆದ್ರೆ ಅಂತ...”

“ಅಳೆಯೋಕೆ ಬಂದೋನು ಅವರ ಬಟ್ಟೆ ಸುತ್ಕೊಂಡು ಬರ್ತಾನೇನಪ್ಪಾ?”

“ಬಟ್ಟೆ ನಾನು ನೋಡ್ಲಿಲ್ಲ.”

“ಬೀದಿಗೆ ಬೀದಿಯೇ ನೋಡ್ತು, ನೀನ್ ನೋಡ್ಲಿಲ್ಲ.” ಅವಳು ಒಲೆಯ ಕಡೆ ತಿರುಗಿದಳು. “ಮಧ್ಯಾಹ್ನ ಎಲ್ಲ ನಿಮ್ಮಣ್ಣ ಕೈ ಚಾಚ್ತಾ ಇದ್ರು ಕಣೋ. ಲೋಟ ಹಿಡಿದು ತೋರ್ಸಿದ್ರು ನಂಗೆ, ಬೀಳಿಸ್ದೇ.”

ಅವನು ಮಹಡಿಗೆ ಹೋದ. “ಅಣ್ಣಾ,” ಎಂದ. ಅಣ್ಣ ಗೋಡೆ ನೋಡುತ್ತಿದ್ದ. ಮರುದಿನ ಬೆಳಿಗ್ಗೆ ಕಿಟಕಿಯ ಕಡೆಗೆ ಹೊರಳಿದ್ದನಾದರೂ ಮಾತಿಲ್ಲ. ಗಂಜಿ ಕುಡಿಸಿದರೆ ಕುಡಿದ, ಮೈ ಒರೆಸಿದರೆ ಒರೆಸಿಕೊಂಡ, ಕಣ್ಣು ಮಾತ್ರ ಹೊರಗೆ. ಬೀದಿಯಲ್ಲೂ ಅದೇ. ಇವನು ಬಂದರೆ ಮಾತು ನಿಲ್ಲುತ್ತಿತ್ತು, ಹೋದರೆ ಶುರುವಾಗುತ್ತಿತ್ತು. ಅವನ ಆಸೆ ಈಗ ಒಂದೇ ಆಗಿತ್ತು. ಗೆಲ್ಲಬೇಕು. ಗೆದ್ದರೆ ಬಸ್ಸು ತಂದು ಅದೇ ಜಾಗದಲ್ಲಿ ನಿಲ್ಲಿಸುತ್ತೇನೆ, ಆಗ ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ.

ಫೈನಲ್ ದಿನ ಅತ್ತಿಗೆ ರೇಡಿಯೋ ತಂದು ಕಿಟಕಿಯಲ್ಲಿಟ್ಟಳು. ಆಟ ಶುರುವಾಗುವ ಮುಂಚೆಯೇ ಅದರೊಳಗಿನವನು, “ಕಪ್ ಮೇಲೆ ಗುಡ್ಡದ ಹೆಸರು ಕೊರೆಯೋದೊಂದೇ ಬಾಕಿ,” ಎಂದು ನಕ್ಕ. ಡ್ರೈವರ್ ಯೂನಿಫಾರಂ ಹಾಕಿಕೊಂಡು ಬಾಗಿಲ ಪಕ್ಕ ಕೂತಿದ್ದ. ಆಟ ಮುಗಿದ ಕೂಡಲೇ ಡಿಪೋಗೆ ಹೋಗಬೇಕಿತ್ತು.

ಅಂಟಿನವರು ಅಂಟಿಕೊಂಡರು. ಮೊದಲರ್ಧ ಗೋಲಿಲ್ಲ. ಎರಡನೆಯ ಅರ್ಧವೂ ಹಾಗೇ ಎಳೆಯುತ್ತಾ ಹೋಯಿತು. ರೇಡಿಯೋದವನ ನಗು ಕರಗಿತು. ಬೀದಿಯಲ್ಲಿ ಒಂದು ನಾಯಿ ಬೊಗಳಿದರೂ ಎಲ್ಲರೂ ಅದರ ಮೇಲೆ ಹಾಯುತ್ತಿದ್ದರು. ಇನ್ನೇನು ಮುಗಿಯಿತು ಅನ್ನುವಾಗ ಮೂಲೆಯಿಂದ ಒಂದು ಚೆಂಡು ಬಂತು. ಅಂಟಿನವರ ಕೀಪರ್ ಮುಂದೆ ನುಗ್ಗಿದ, ಬೆರಳು ತಾಗಿತು, ಕೈಯಲ್ಲಿ ನಿಲ್ಲದೆ ಗೋಲಾಯಿತು. ಮಂಚದ ಮೇಲೆ ಅಣ್ಣನ ಬಲಗೈ ತಾನೇ ತಾನಾಗಿ ಮುಚ್ಚಿಕೊಂಡಿತು.

ಆಮೇಲೆ ಆಡಲು ಏನೂ ಉಳಿದಿರಲಿಲ್ಲ.

ಅತ್ತಿಗೆ ರೇಡಿಯೋ ಆರಿಸಿ ಕೆಳಗೆ ಹೋದಳು. ಡ್ರೈವರ್ ಎದ್ದ, ಟೋಪಿ ಕೈಗೆ ತಗೊಂಡ. ಹೋಗಿ ಬರ್ತೀನಿ ಅನ್ನಲೂ ನಾಚಿಕೆ. ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು.

“ಆ ವೈರು.”

ಅವನು ತಿರುಗಿದ. “ಏನಣ್ಣಾ?”

“ಮೇಲೆ ಹೋಗಿದೆ. ಚಿಮಣಿ... ಕುತ್ತಿಗೆ ಹತ್ರ ಇತ್ತು. ಈಗ ಮೂತಿ ಹತ್ರ.” ಜೀವಮಾನವೆಲ್ಲ ಗೋಲಿನ ಅಡ್ಡಪಟ್ಟಿಯ ಎತ್ತರ ನೋಡಿಕೊಂಡು ನಿಂತವನು. “ಮಾರನೇ ದಿನಾನೇ... ನೋಡ್ದೆ.”

“ಮತ್ತೆ ಯಾಕಣ್ಣಾ ಮಾತಾಡ್ಲಿಲ್ಲ?”

“ಗೆದ್ದ ಮೇಲೆ... ಹೇಳೋಣ ಅಂತಿದ್ದೆ.”

ಡ್ರೈವರ್ ಮಂಚದ ಅಂಚಿಗೆ ಬಂದು ಕೂತ. ಕಿಟಕಿಯಾಚೆ ಬೀದಿ ಖಾಲಿ. ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು.

“ಹಿಡೀತಿತ್ತಾ, ಬಸ್ಸು?”

“ಹಿಡೀತಿತ್ತು ಅಣ್ಣಾ. ಕಪ್ ಎತ್ತಿ ನಿಂತೋನಿಗೂ ಮೇಲೆ ಗೇಣು ಜಾಗ ಇತ್ತು.”

ಅಣ್ಣ ವೈರನ್ನೇ ನೋಡುತ್ತಿದ್ದ. ಅದರ ಮೇಲೆ ಒಂದು ಕಾಗೆ ಬಂದು ಕೂತು, ವೈರು ತೂಗಿ, ಮತ್ತೆ ನೆಟ್ಟಗಾಯಿತು.

“ಹೊತ್ತಾಯ್ತು. ಹೋಗು,” ಎಂದ. ಆಮೇಲೆ, “ನಿಧಾನಕ್ಕೆ ಓಡ್ಸು. ಮೇಲೆ... ಹುಡುಗ್ರು ನಿಂತಿರ್ತಾರೆ.”

ಬೀದಿ ದಾಟುವಾಗ ದಿನಸಿ ಅಂಗಡಿಯವನ ಬಾಗಿಲು ಅರ್ಧ ತೆರೆದಿತ್ತು. ಯೂನಿಫಾರಂ ಕಂಡು ಅದೂ ಮುಚ್ಚಿಕೊಂಡಿತು. ನೆಲದ ಮೇಲೆ ಅಂಟಿನ ಕಲೆ ಇನ್ನೂ ಹೋಗಿರಲಿಲ್ಲ, ಚಪ್ಪಲಿ ಎಳೆದು ಹಿಡಿಯುತ್ತಿತ್ತು.

ಆ ಸಂಜೆ ಬಸ್ಸು ಮೈದಾನದಿಂದ ಹೊರಟಿತು, ಮಾರುಕಟ್ಟೆ ದಾಟಿತು, ಸೇತುವೆ ದಾಟಿತು. ತಲೆಯ ಮೇಲೆ ಧಡಧಡ ಕುಣಿತ, ಗಾಜಿನ ಮುಂದೆ ಉದುರುವ ಕ್ಲಿಪ್ಪುಗಳು. ಪ್ರತಿ ವೈರಿನ ಕೆಳಗೂ ಅವನು ವೇಗ ಇಳಿಸಿ ಕಾಲು ಬ್ರೇಕಿನ ಮೇಲಿಟ್ಟ. ಅಳೆದ ದಾರಿ, ಯಾರ ತಲೆಗೂ ಏನೂ ತಾಗಲಿಲ್ಲ. ನಿಧಾನಕ್ಕೇ ಓಡಿಸಿದ.