ಮೆಕ್ಯಾನಿಕ್‌ನ ಕಿವಿ

ನನ್ನ ಗಂಡ ಕಾರು ಮೆಕ್ಯಾನಿಕ್. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಒಳಗೆ ಏನು ಸಡಿಲವಾಗಿದೆ ಎಂದು ಹೇಳಿಬಿಡುತ್ತಾರೆ. ನಮ್ಮ ಸಂಸಾರ ನಡೆಯುವುದೇ ಆ ಕಿವಿಯಿಂದ.

ಹೋದ ವರ್ಷ ಅವರ ಶೆಡ್ಡಿಗೆ ಹಳೆಯ ಓಪನ್ ಕಾರುಗಳು ಒಂದರ ಹಿಂದೊಂದು ರಿಪೇರಿಗೆ ಬಂದವು. ಸರಿಮಾಡಿದ ಮೇಲೆ ಮೇಲಿನ ಬಟ್ಟೆಯ ಟಾಪ್ ಮಡಚಿ ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸದಿದ್ದರೆ ಇವರಿಗೆ ಸಮಾಧಾನವಿಲ್ಲ. ಕೂದಲು ಕೆದರಿಕೊಂಡು, ಮದುಮಗನ ಹಾಗೆ ನಗುತ್ತಾ ಬರುತ್ತಿದ್ದರು. ಬಂದವರೇ ಟಿವಿ ಜೋರು ಮಾಡುತ್ತಿದ್ದರು. ಕಿವಿ ಗುಂಯ್ ಅನ್ನುತ್ತಿದೆ, ಗಾಳಿ ಹೊಕ್ಕಿರಬೇಕು, ಬೆಳಗಾದರೆ ಸರಿಹೋಗುತ್ತದೆ ಎನ್ನುತ್ತಿದ್ದರು. ಹಾಗೇ ಆಗುತ್ತಿತ್ತು ಕೂಡ.

ಒಂದು ಭಾನುವಾರ ಮನೆ ಮುಂದೆ ಅಂಥದ್ದೇ ಒಂದು ಕಾರು ಸ್ಟಾರ್ಟ್ ಮಾಡಿ, ನನ್ನನ್ನೂ ನನ್ನ ತಂಗಿಯನ್ನೂ ಕರೆದರು. ತಂಗಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು.

"ಕೇಳಿ, ಬೆಣ್ಣೆ ಹಾಗೆ ಓಡ್ತಿದೆ. ಚೂರೂ ಸದ್ದಿಲ್ಲ."

ಅಡುಗೆಮನೆಯಲ್ಲಿದ್ದಾಗಲೇ ನನಗೆ ಸದ್ದು ಕೇಳಿಸಿತ್ತು.

"ರೀ, ಟಿಕ್ ಟಿಕ್ ಅಂತಿದೆಯಲ್ಲ?"

ಇವರು ನಕ್ಕು ಸ್ಕ್ರೂಡ್ರೈವರ್ ಕಿವಿಗಿಟ್ಟರು. ಆ ಕಿವಿ ಬಿಟ್ಟು ಈ ಕಿವಿಗಿಟ್ಟರು. ಆಮೇಲೆ ನಗಲಿಲ್ಲ. ಆ ಟಿಕ್ ಟಿಕ್ ಇವರಿಗೆ ಕೇಳಿಸಿರಲಿಲ್ಲ.

ಮರುದಿನ ತಂಗಿ ಪರೀಕ್ಷೆ ಮಾಡಿದಳು. ಇವರ ಕಿವಿಗೆ ಸಣ್ಣ, ಚೂಪಾದ ಸದ್ದುಗಳು ಮಂಕಾಗಿದ್ದವು. ಓಪನ್ ಕಾರಿನ ಗಾಳಿಯ ಅಬ್ಬರದಿಂದಲೇ ಹೀಗಾಗಿದೆ ಎಂದಳು. ಗಾಳಿಗೆ ಯಾರ ಕಿವಿ ಹೋಗುತ್ತೆ ಎಂದು ಇವರು ವಾದಕ್ಕಿಳಿದರು.

"ಭಾವ, ಓಪನ್ ಕಾರಲ್ಲಿ ಜೋರಾಗಿ ಹೋಗುವಾಗ ಪಕ್ಕದವರ ಹತ್ರ ಹೇಗೆ ಮಾತಾಡ್ತೀರಿ?"

"ಕೂಗಿ."

"ಕೂಗಲೇಬೇಕು ಅಂದ್ರೆ ಕಿವಿಗೆ ಪೆಟ್ಟು ಬೀಳ್ತಿದೆ ಅಂತಲೇ ಲೆಕ್ಕ. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ."

ಹತ್ತಿ ತುರುಕಿದರೆ ಸಾಲದು ಎಂದಳು. ಗಾಳಿಯ ಅಬ್ಬರ ತಗ್ಗಿಸಿದರೂ ಹಾರ್ನ್ ಕೇಳಿಸುವಂಥ ಇಯರ್‌ಪ್ಲಗ್ ಕೊಡಿಸಿದಳು. ಪಕ್ಕದ ಗಾಜು ಏರಿಸಿ, ಹೆದ್ದಾರಿಯಲ್ಲಿ ಟಾಪ್ ಮುಚ್ಚಿಕೊಳ್ಳಿ, ಗಾಳಿಯ ಜೊತೆ ಪೈಪೋಟಿಗೆ ಬಿದ್ದು ಹಾಡು ಜೋರು ಮಾಡಬೇಡಿ ಎಂದಳು. ಹಟಮಾರಿ ಮನುಷ್ಯ, ಆದರೂ ಒಪ್ಪಿದರು.

ಈಗ ಕಿವಿ ಗುಂಯ್ಗುಡುವುದಿಲ್ಲ, ಟಿವಿಯೂ ಮೆತ್ತಗಿದೆ. ಪ್ರತಿ ಕಾರನ್ನೂ ಕೊನೆಗೊಮ್ಮೆ ಕೇಳುವವಳು ನಾನು. ಸ್ಕ್ರೂಡ್ರೈವರ್ ನನ್ನ ಕೈಗೆ ಕೊಟ್ಟು, ಪಾಠ ಒಪ್ಪಿಸುವ ಹುಡುಗನ ಹಾಗೆ ಪಕ್ಕದಲ್ಲಿ ನಿಲ್ಲುತ್ತಾರೆ. ನನಗೆ ಒಳಗೊಳಗೇ ಖುಷಿ.

ಓಪನ್ ಕಾರು ಓಡಿಸುವವರೇ, ಇಳಿದ ಮೇಲೂ ಕಿವಿ ಗುಂಯ್ಗುಟ್ಟಿದರೆ ಇವತ್ತೇ ಪರೀಕ್ಷೆ ಮಾಡಿಸಿ. ಟಾಪ್ ತೆಗೆಯುವ ಮೊದಲು ಕಿವಿ ಮುಚ್ಚಿಕೊಳ್ಳಿ. ನನ್ನ ಗಂಡನಿಗೆ ಇನ್ನೊಂದು ಜೊತೆ ಕಿವಿ ಮನೆಯಲ್ಲೇ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ.